ಸೇತುವೆ ಮೇಲೆ ನಿಂತವಳು

‘ಓಡ್ತಿಲ್ಲ’ ಎಂದು ಒಂದೇ ಒಂದು ಪದ ಬರೆದು ಕಳಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾವ ಆಟ, ಎಲ್ಲಿಗೆ ಬಂದು ನಿಂತಿತು, ಯಾವ ಮೆಮೊರಿ ಕಾರ್ಡ್, ಏನೂ ಹೇಳುವುದಿಲ್ಲ. ಹಳೆಯ ವಿಡಿಯೋ ಗೇಮುಗಳನ್ನು ಆಡಲೆಂದು ನಾನೂ ನನ್ನಂಥ ಕೆಲವು ಹುಚ್ಚರೂ ಸೇರಿ ಒಂದು ಎಮ್ಯುಲೇಟರ್ ಬರೆದಿದ್ದೇವೆ. ಅಂಗಡಿಗಳಿಂದ ಎಂದೋ ಮಾಯವಾದ ಯಂತ್ರದ ವೇಷ ಹಾಕಿಕೊಂಡು, ಅಂಗೈಯಗಲದ ಕನ್ಸೋಲಿನೊಳಗೆ ಕುಳಿತು, ಆ ಕಾಲದ ಆಟಗಳನ್ನು ನಂಬಿಸಿ ಓಡಿಸುವ ಸಾಫ್ಟ್‌ವೇರ್ ಅದು. ಪುಕ್ಕಟೆ ಕೊಡುತ್ತೇವೆ, ಅದಕ್ಕೇ ಬೈಗುಳ ಜಾಸ್ತಿ. ಆಟದ ಮಧ್ಯೆ ಕಾರ್ಡ್ ಕಿತ್ತವನೂ ನಮ್ಮ ಮೇಲೇ ಬರುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಗಲೆಲ್ಲ ಆಫೀಸುಗಳಲ್ಲಿ ಪ್ರಿಂಟರ್ ರಿಪೇರಿ ಮಾಡಿ ಮನೆಗೆ ಬಂದರೆ ಈ ಜಾತ್ರೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನನ್ನ ಹೆಂಡತಿ ಹೇಳುವುದರಲ್ಲಿ ತಪ್ಪೇನಿಲ್ಲ.

ಹೀಗಿರುವಾಗ ಅಕ್ಕ ಫೋನ್ ಮಾಡಿದಳು. “ಅದರ ಬೆನ್ನು ಉಬ್ಬಿದೆ ಕಣೋ. ಮುಟ್ಟಿದ್ರೆ ಬಿಸಿ. ಚಾರ್ಜರ್ ಹಾಕಿದ್ರೂ ದೀಪ ಒಂದ್ಸಲ ಬರುತ್ತೆ, ಒಂದ್ಸಲ ಹೋಗುತ್ತೆ.”

ಇಷ್ಟು ವರ್ಷಗಳಲ್ಲಿ ನಾನು ಕೇಳಿದ ಅತ್ಯಂತ ನೆಟ್ಟಗಿನ ದೂರು ಅದು. ಯಾವುದರ ಬೆನ್ನು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಆ ಕನ್ಸೋಲ್ ಅವಳ ಮಗಳದ್ದು. ನಾವೆಲ್ಲ ಅವಳನ್ನು ಮೆಣಸು ಎಂದೇ ಕರೆಯುತ್ತಿದ್ದೆವು, ಹುಟ್ಟಿದಾಗಿನಿಂದ ಅಷ್ಟು ಖಾರ. ನಮ್ಮ ಮನೆತನದಲ್ಲಿ ನನ್ನ ಎಮ್ಯುಲೇಟರನ್ನು ಬಳಸುತ್ತಿದ್ದವಳು ಅವಳೊಬ್ಬಳೇ. ‘ಮಾವ, ನಿನ್ನ ಸಾಫ್ಟ್‌ವೇರಿಗೆ ನೆಗಡಿ, ಸದ್ದು ಮೂಗಿಂದ ಬರ್ತಿದೆ’ ಎಂದು ಬರೆಯುತ್ತಿದ್ದಳು. ನೋಡಿದರೆ ನಿಜವಾಗಿಯೂ ಸದ್ದಿನ ಭಾಗದಲ್ಲೇ ತಪ್ಪಿರುತ್ತಿತ್ತು. ಕಾಲೇಜು ಮುಗಿಯುವ ಹೊತ್ತಿಗೆ ಶ್ವಾಸಕೋಶದ ಕಾಯಿಲೆ ಹಿಡಿಯಿತು. ಆಸ್ಪತ್ರೆಯ ಮಂಚದ ಮೇಲೂ ಆಡುತ್ತಿದ್ದಳು. ಒಂದು ಬೆಳಿಗ್ಗೆ ಅವಳನ್ನು ಒಳಗಿನ ಕೋಣೆಗೆ ತಳ್ಳಿಕೊಂಡು ಹೋಗಲು ಬಂದಾಗ ಕನ್ಸೋಲನ್ನು ತಾಯಿಯ ಕೈಗೆ ಕೊಟ್ಟು, “ಆಫ್ ಮಾಡ್ಬೇಡಮ್ಮ, ಈಗ ಬಂದೆ” ಅಂದಳು. ಬರಲಿಲ್ಲ.

ಅಕ್ಕ ಆಫ್ ಮಾಡಲಿಲ್ಲ. ಅಂದಿನಿಂದ ಅದು ಚಾರ್ಜರಿಗೆ ಅಂಟಿಕೊಂಡು ನಿದ್ದೆಯ ಸ್ಥಿತಿಯಲ್ಲೇ ಇತ್ತು. ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸ ಅವಳದ್ದು. ಮಧ್ಯಾಹ್ನ ಮನೆಗೆ ಬಂದು, ಕೈ ತೊಳೆದು, ಒಂದು ಗುಂಡಿ ಒತ್ತಿ ಎಬ್ಬಿಸುತ್ತಿದ್ದಳು. ತೆರೆಯ ಮೇಲೆ ದೊಡ್ಡ ಟೋಪಿಯ ಪುಟ್ಟ ಹುಡುಗಿಯೊಬ್ಬಳು ಮರದ ಸೇತುವೆಯ ಮೇಲೆ ನಿಂತಿರುತ್ತಿದ್ದಳು. ಆಡುವವರು ಸುಮ್ಮನಿದ್ದರೆ ಆ ಗೊಂಬೆ ನಿಂತಲ್ಲೇ ಉಸಿರಾಡುತ್ತದೆ, ಭುಜ ಮೇಲೆ ಕೆಳಗೆ ಆಗುತ್ತದೆ. ಅಕ್ಕ ಅದನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಮಲಗಿಸುತ್ತಿದ್ದಳು. ಇದು ಭಾವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ನಾನು ಹೋದಾಗ ಭಾವ ಬಾಗಿಲಲ್ಲೇ ನಿಂತಿದ್ದ. “ಇವತ್ತಾದ್ರೂ ಇದಕ್ಕೊಂದು ಗತಿ ಕಾಣಿಸಪ್ಪ. ಮನೆಗೆ ಬೆಂಕಿ ಬಿದ್ರೆ ಏನು ಮಾಡೋದು?” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತು.

ಕನ್ಸೋಲನ್ನು ಕೈಗೆತ್ತಿಕೊಂಡೆ. ಬ್ಯಾಟರಿ ಊದಿಕೊಂಡು ಹಿಂಬದಿಯ ಮುಚ್ಚಳವನ್ನು ಪೂರಿಯಂತೆ ಎಬ್ಬಿಸಿತ್ತು. ಇನ್ನು ಒಂದೆರಡು ದಿನ ತಡೆದರೆ ಹೆಚ್ಚು. ಬ್ಯಾಟರಿ ತೆಗೆದರೆ ಆ ಕ್ಷಣವೇ ಆಟ ಅಳಿಸಿಹೋಗುತ್ತದೆ, ಏಕೆಂದರೆ ಆ ಹುಡುಗಿ ಸೇತುವೆಯ ಮೇಲೆ ನಿಂತಿದ್ದದ್ದು ಯಂತ್ರದ ತಾತ್ಕಾಲಿಕ ನೆನಪಿನಲ್ಲಿ ಮಾತ್ರ. ಅದನ್ನು ಇದ್ದ ಹಾಗೆ ಕಾರ್ಡಿಗೆ ಇಳಿಸುವ ದಾರಿ ನಮ್ಮ ಎಮ್ಯುಲೇಟರಿನಲ್ಲಿದೆ. ಆದರೆ ಮೆಣಸು ತನ್ನ ಕಾರ್ಡಿನಲ್ಲಿ ಸಾಸಿವೆಯಷ್ಟೂ ಜಾಗ ಬಿಡದೆ ಆಟಗಳನ್ನು ತುಂಬಿದ್ದಳು. ಕಾರ್ಡ್ ತುಂಬಿದ್ದಾಗ ಹಾಗೆ ಇಳಿಸಲು ಹೋದರೆ ಅವಳ ಬಳಿ ಇದ್ದ ಆ ಹಳೆಯ ಆವೃತ್ತಿ ಅರ್ಧ ಬರೆದು ಹೆಪ್ಪುಗಟ್ಟಿ ಕೂರುತ್ತದೆ. ಆ ತಪ್ಪನ್ನು ನಾವು ಮುಂದಿನ ಆವೃತ್ತಿಯಲ್ಲಿ ಸರಿಮಾಡಿದ್ದೆವು. ಅದನ್ನು ಹಾಕಿಕೊಳ್ಳುವಷ್ಟು ದಿನ ಅವಳಿಗೆ ಸಿಗಲಿಲ್ಲ. ಆಟ ನಿಲ್ಲಿಸದೆ ಕಾರ್ಡಿನಿಂದ ಏನನ್ನೂ ಅಳಿಸುವಂತೆಯೂ ಇಲ್ಲ.

ಉಳಿದದ್ದು ಒಂದೇ ದಾರಿ. ಆಟದೊಳಗೇ ಅಲ್ಲಲ್ಲಿ ಗಂಟೆಗಳಿವೆ. ಗಂಟೆ ಬಾರಿಸಿದರೆ ಎಲ್ಲಿಯವರೆಗೆ ಬಂದೆವೆಂಬ ಗುರುತನ್ನು ಆಟ ತಾನೇ ಕಾರ್ಡಿನಲ್ಲಿ ಬರೆದುಕೊಳ್ಳುತ್ತದೆ. ಅದು ಹಳೆಯ ಗುರುತಿನ ಮೇಲೇ ಬರೆಯುವುದರಿಂದ ಹೊಸ ಜಾಗ ಬೇಕಿಲ್ಲ. ಸೇತುವೆಯ ಆಚೆ ಒಂದು ಗಂಟೆ ಇತ್ತು. ಸೇತುವೆಯ ನಡುವೆ ಒಂದು ಕಲ್ಲುಕರಡಿ ಮಲಗಿತ್ತು.

ಇದನ್ನೆಲ್ಲ ಅಕ್ಕನಿಗೆ ಬಿಡಿಸಿ ಹೇಳಿದೆ. “ಯಾರಾದ್ರೂ ಅವಳನ್ನ ಆ ಕಡೆ ದಾಟಿಸ್ಬೇಕು ಅಕ್ಕ. ಗಂಟೆ ಹೊಡೆದ್ರೆ ಮುಗೀತು. ಬ್ಯಾಟರಿ ಕಿತ್ತು ಬಿಸಾಕಿ, ಬೇರೆ ಕನ್ಸೋಲಿಗೆ ಹಾಕ್ಕೊಡ್ತೀನಿ. ನೂರು ವರ್ಷ ಇರ್ತಾಳೆ.”

“ಕರಡಿ ಹೊಡೆದ್ರೆ?”

“ಹಿಂದಿನ ಗಂಟೆ ಹತ್ರ ಹೋಗಿ ಬೀಳ್ತಾಳೆ. ಈ ಜಾಗ ಹೋಯ್ತು ಅಂತಲೇ ಲೆಕ್ಕ. ಅದಕ್ಕೇ ನಾನು ಆಡ್ತೀನಿ, ಕೊಡು.”

“ಬೇಡ. ನಾನೇ ಕರ್ಕೊಂಡು ಹೋಗ್ತೀನಿ.”

“ಅಕ್ಕ, ನಿಂಗೆ ಟಿವಿ ರಿಮೋಟೇ ಸರಿಯಾಗಿ ಬರಲ್ಲ!”

“ಕಲಿಸು.”

ಸಿಟ್ಟು ನೆತ್ತಿಗೇರಿತು. ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದೇ ಎಂದು ಭಾವನ ಕಡೆ ನೋಡಿದೆ. ಅವನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದ. ನನ್ನ ಅಕ್ಕನ ಹಟ ನನಗೆ ಹೊಸತಲ್ಲ. ಮೆಣಸಿನ ಖಾರ ಎಲ್ಲಿಂದ ಬಂತೆಂದು ಯಾರೂ ಜ್ಯೋತಿಷ್ಯ ಕೇಳಬೇಕಾಗಿರಲಿಲ್ಲ.

ನನ್ನ ಚೀಲದಲ್ಲಿ ಅಂಥದ್ದೇ ಇನ್ನೊಂದು ಕನ್ಸೋಲ್ ಇತ್ತು. ಮನೆಗೆ ಒಯ್ದು ಅದೇ ಆಟವನ್ನು ಶುರುವಿನಿಂದ ಆಡಿ, ಸೇತುವೆಯ ತನಕ ತಂದು, ಅಲ್ಲಿ ಒಂದು ನಕಲು ಉಳಿಸಿಕೊಂಡು ಮರುದಿನ ಬೆಳಿಗ್ಗೆಯೇ ಹಿಂತಿರುಗಿದೆ. ಆಫೀಸಿಗೆ ಜ್ವರ ಎಂದು ಸುಳ್ಳು ಹೇಳಿದ್ದೆ. ಇದರಲ್ಲಿ ಎಷ್ಟು ಸಲ ಸತ್ತರೂ ಪರವಾಗಿಲ್ಲ, ಅಭ್ಯಾಸ ಮಾಡು ಎಂದೆ.

ಅವಳ ಬೆರಳುಗಳು ಇಸ್ತ್ರಿಯ ಬಿಸಿಗೆ ಗಡುಸಾಗಿದ್ದವು. ಗುಂಡಿ ಒತ್ತಿದರೆ ಬಿಡುವುದೇ ಗೊತ್ತಿಲ್ಲ. ಮೊದಲ ಸಲ ಹುಡುಗಿಯನ್ನು ಸೇತುವೆಯಿಂದಲೇ ಕೆಳಗೆ ಬೀಳಿಸಿದಳು. “ಅಯ್ಯೋ ದೇವ್ರೇ!” ಎಂದು ಕೈ ಕಿವಿಗೆ ಮುಟ್ಟಿಸಿಕೊಂಡಳು. ನಾನು ಬೈದೆ, ಅವಳೂ ಬೈದಳು. “ಹೆದರಿಸ್ಬೇಡ, ಗೊರಕೆ ಹೊಡೀತಿರೋ ಕರಡಿ ಹಂಗಿದೀಯ ನೀನೇ” ಅಂದಳು. ಮೆಣಸು ಸತ್ತ ಮೇಲೆ ಆ ಮನೆಯಲ್ಲಿ ನಗು ಬಂದದ್ದು ಅದೇ ಮೊದಲು. ಭಾವ ಕೂಡ ಬಾಗಿಲಿಗೆ ಬಂದು ನಿಂತ.

ಉಪಾಯ ಸುಲಭ. ಕರಡಿ ಎದ್ದು ಎಡಗೈ ಎತ್ತುವವರೆಗೆ ಕಾಯಬೇಕು. ಎತ್ತಿದೊಡನೆ ಬಗ್ಗಿ ಓಡಬೇಕು. ಸೂರ್ಯ ಕಿಟಕಿಯಿಂದ ಆಚೆ ಸರಿಯುವ ಹೊತ್ತಿಗೆ ಅಕ್ಕ ಒಂದು ಸಲವೂ ತಪ್ಪದೆ ದಾಟತೊಡಗಿದಳು. ಕಣ್ಣು ಮುಚ್ಚಿಕೊಂಡೇ ದಾಟಿಬಿಡುತ್ತಾಳೆ ಎನಿಸುವಷ್ಟು ಸಲೀಸು. ಗಂಟೆ ಬಾರಿಸಿದಾಗ ಬರುವ ಆ ತೆಳ್ಳನೆಯ ಟಿಣ್ ಸದ್ದನ್ನು ಮಾತ್ರ ಅವಳು ಮುಖ ಆಚೆ ತಿರುಗಿಸಿ ಕೇಳುತ್ತಿದ್ದಳು. ಅದೇಕೆಂದು ನಾನು ಕೇಳಲಿಲ್ಲ. ನನ್ನ ತಲೆಯಲ್ಲಿದ್ದದ್ದು ಬ್ಯಾಟರಿ, ಫೈಲು, ಕಾರ್ಡು. ನಮ್ಮಂಥವರಿಗೆ ಉಳಿಸುವುದು ಎಂದರೆ ಉಳಿಸುವುದು, ಅಷ್ಟೇ. ಯಾರಾದರೂ ಒಂದು ಆಟ ಕಳೆದುಕೊಂಡೆ ಎಂದರೆ ಅವರಿಗೆ ಅದು ಮತ್ತೆ ಬೇಕು ಎಂದೇ ನಾವು ನಂಬಿಬಿಟ್ಟಿರುತ್ತೇವೆ.

“ಸಾಕು, ಇನ್ನು ಅದನ್ನ ತಗೋ” ಎಂದೆ.

ಅವಳು ಮೆಣಸಿನ ಕನ್ಸೋಲನ್ನು ಒಂದು ಟವೆಲಿನ ಮೇಲಿಟ್ಟು ಎತ್ತಿಕೊಂಡಳು. ಎಬ್ಬಿಸಿದಳು. ಚಾರ್ಜರಿನ ದೀಪ ಮಿಣುಕುತ್ತಿತ್ತು. ಸೇತುವೆ, ಟೋಪಿಯ ಹುಡುಗಿ, ಭುಜದ ಏರಿಳಿತ. ನಾನು ಅವಳ ಹಿಂದೆ ಮಂಡಿಯೂರಿ ಕುಳಿತೆ. ಅಕ್ಕ ಮೆಲ್ಲಗೆ ಗುಂಡಿ ಒತ್ತಿದಳು. ಅಷ್ಟು ತಿಂಗಳು ನಿಂತಿದ್ದ ಹುಡುಗಿ ಹೆಜ್ಜೆ ಇಟ್ಟಳು.

ಕರಡಿಯ ಮುಂದೆ ತಂದು ನಿಲ್ಲಿಸಿದಳು. ಸರಿಯಾದ ಜಾಗ. ಕರಡಿ ಎದ್ದಿತು, ಎಡಗೈ ಎತ್ತಿತು.

“ಈಗ!” ಎಂದೆ.

ಅವಳ ಹೆಬ್ಬೆರಳು ಅಲುಗಲಿಲ್ಲ. ಮೊದಲ ಏಟು ಬಿತ್ತು.

“ಹಿಂದೆ ಬಾ ಅಕ್ಕ! ಇನ್ನೂ ಜೀವ ಇದೆ, ಹಿಂದೆ!”

ಕರಡಿ ಮತ್ತೆ ಕೈ ಎತ್ತಿತು. ನಾನು ಕನ್ಸೋಲ್ ಕಿತ್ತುಕೊಳ್ಳಲು ಕೈ ಚಾಚಿದೆ. ಅವಳು ಮೊಣಕೈಯಿಂದ ನನ್ನನ್ನು ತಳ್ಳಿ, ಕನ್ಸೋಲನ್ನು ಟವೆಲಿನ ಸಮೇತ ಎದೆಯ ಹತ್ತಿರ ತಂದುಕೊಂಡಳು. ಕಣ್ಣನ್ನು ಮಾತ್ರ ತೆರೆಯಿಂದ ಕದಲಿಸಲಿಲ್ಲ. ಎರಡನೇ ಏಟು ಬಿತ್ತು. ಟೋಪಿಯ ಹುಡುಗಿ ಕುಳಿತಳು, ಒರಗಿದಳು, ಮಲಗಿದಳು. ಭುಜ ಒಂದು ಸಲ ಮೇಲೆದ್ದು ಇಳಿಯಿತು. ಮತ್ತೆ ಏಳಲಿಲ್ಲ. ತೆರೆ ಕಪ್ಪಾಗಿ, ಹಿಂದಿನ ಗಂಟೆಯಿಂದ ಮುಂದುವರಿಯಬೇಕೇ ಎಂಬ ಪ್ರಶ್ನೆ ಮೂಡಿತು.

“ಏನು ಮಾಡ್ದೆ ನೀನು? ಬೇಕಂತಲೇ ಮಾಡ್ದೆ! ಬೆಳಿಗ್ಗೆಯಿಂದ ನಾನೇನು ಕತ್ತೆ ಕಾಯ್ತಿದ್ನಾ?” ಎಂದು ಕೂಗಿದೆ. ಕೂಗುತ್ತಲೇ ಅತ್ತುಬಿಟ್ಟೆ. ನನ್ನ ಸೋದರಸೊಸೆಯನ್ನು ನನ್ನ ಕಣ್ಣೆದುರೇ ಎರಡನೇ ಸಲ ಕೊಂದರು ಎನಿಸಿತು, ಅಷ್ಟು ಸಿಟ್ಟು.

ಅಕ್ಕ ಅಳಲಿಲ್ಲ. “ಅವತ್ತು ನನ್ನನ್ನ ಹೊರಗೆ ನಿಲ್ಲಿಸಿ ಬಾಗಿಲು ಹಾಕ್ಕೊಂಡ್ರು ಕಣೋ” ಎಂದಳು. “ಒಳಗೆ ಬಿಡಿ ಅಂತ ಕೈ ಮುಗ್ದೆ. ಬಿಡ್ಲಿಲ್ಲ. ಇದನ್ನ ಹಿಡ್ಕೊಂಡು ಕಾರಿಡಾರಲ್ಲಿ ನಿಂತಿದ್ದೆ. ಅವಳು ಯಾವಾಗ ಹೋದ್ಳು ಅಂತ್ಲೂ ನಂಗೆ ಗೊತ್ತಾಗ್ಲಿಲ್ಲ. ಇದರೊಳಗೆ ಉಸಿರಾಡ್ತಾನೇ ಇದ್ಳಲ್ಲ.”

ಭಾವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. ಅಂದು ಅವನೂ ಅದೇ ಕಾರಿಡಾರಿನಲ್ಲಿದ್ದ.

“ನೀನು ದಾಟಿಸ್ಬಿಟ್ಟಿದ್ರೆ ಆ ಕಡೆನೂ ಹಂಗೇ ನಿಂತಿರ್ತಿದ್ಳು. ನೂರು ವರ್ಷ ಅಂದ್ಯಲ್ಲ ನೀನೇ. ಈಗ ಬಂದೆ ಅಂದವಳನ್ನ ನಾನು ದಿನಾ ಮಧ್ಯಾಹ್ನ ನೂರು ವರ್ಷ ಕಾಯ್ಬೇಕಾ? ಇವತ್ತು ಹತ್ರ ಇದ್ದೆ. ನೋಡ್ದೆ.”

ಭಾವ ಒಳಗೆ ಬಂದು ಅವಳ ಪಕ್ಕ ನೆಲದ ಮೇಲೆ ಕುಳಿತ. ತೆರೆಯ ಮೇಲೆ ಆ ಪ್ರಶ್ನೆ ಹಾಗೇ ಇತ್ತು. ಬ್ಯಾಟರಿ ಸುಡುತ್ತಿತ್ತು, ಟವೆಲಿನ ಮೂಲಕವೂ ಬಿಸಿ ತಾಗುತ್ತಿತ್ತು. ನಾನು ಚಾರ್ಜರ್ ಕಿತ್ತು, “ಕೊಡಕ್ಕ, ಕೈ ಸುಡುತ್ತೆ” ಎಂದೆ. ಅವಳು ಕೊಡಲಿಲ್ಲ. ಕನ್ಸೋಲನ್ನು ಆಚೆ ಈಚೆ ತಿರುಗಿಸಿ, ಅದರ ಅಂಚುಗಳನ್ನೆಲ್ಲ ಬೆರಳಿನಿಂದ ತಡವಿ ನೋಡಿದಳು.

“ಇದನ್ನ ಆಫ್ ಮಾಡೋದು ಎಲ್ಲೋ?” ಎಂದು ಕೇಳಿದಳು.

ನಾನು ಗುಂಡಿ ತೋರಿಸಿದೆ. ಅವಳು ಒತ್ತಿದಳು.