ಕಾರ್ಖಾನೆಯ ಕಡೆಯ ಕಿಟಕಿ

ಚರ್ಮ ಹದ ಮಾಡುವ ಕಾರ್ಖಾನೆಯ ಗೋಡೆಗೆ ಆತುಕೊಂಡಂತಿದ್ದ ಆ ಮನೆಯನ್ನು ದಲ್ಲಾಳಿ ವಾರದ ರಜೆಯ ದಿನ ಬಿಟ್ಟು ಬೇರೆ ದಿನ ಯಾರಿಗೂ ತೋರಿಸುತ್ತಿರಲಿಲ್ಲ. ಅಂದು ಗಾಳಿ ತಿಳಿನೀರಿನಂತಿರುತ್ತದೆ. ಮಾತು ಮುಗಿದು ಮುಂಗಡ ಕೈಸೇರಿದ ಮೇಲೆ ಮಿಕ್ಕದ್ದು ಕೊಂಡವರ ಮೂಗಿನ ಹಣೆಬರಹ.

ಟೈಲರಮ್ಮ ಮಗಳ ಜೊತೆ ಬಂದದ್ದೂ ಅಂಥ ದಿನವೇ. ಬಂದವಳು ಅಡುಗೆಮನೆ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ. ನೆಟ್ಟಗೆ ಹಿಂದಿನ ಕೋಣೆಗೆ ಹೋಗಿ, ಕಾರ್ಖಾನೆಯ ಕಡೆಯ ಕಿಟಕಿ ತೆರೆದು, ಕಣ್ಣು ಮುಚ್ಚಿ ನಿಂತಳು. ರಜೆಯೆಂದು ಅವಳಿಗೂ ಗೊತ್ತು. ಗೋಡೆಗಾದರೂ ಅಂಟಿರಬಹುದೆಂಬ ಆಸೆ.

"ನಾಳೆ ಕೆಲಸ ಶುರುವಾದ್ರೆ ವಾಸನೆ ಬರುತ್ತಲ್ವಾ?"

"ವಾಸನೆನಾ? ದೇವರಾಣೆ ಇಲ್ಲಮ್ಮ! ಗಾಳಿ ಯಾವಾಗ್ಲೂ ಆ ಕಡೆಗೇ ಬೀಸೋದು."

"ಹಾಗಾದ್ರೆ ಈ ಮನೆ ಬೇಡ," ಎಂದು ಟೈಲರಮ್ಮ ಕಿಟಕಿ ಹಾಕಿದಳು.



ಅವಳ ಗಂಡ ಈ ಕಾರ್ಖಾನೆಯ ತೊಟ್ಟಿಗಳಲ್ಲಿ ತೊಗಲು ತಿರುವಿ ಹಾಕುತ್ತಲೇ ತಲೆ ನರೆಸಿಕೊಂಡವನು. ಸಂಜೆ ಅವನು ಮನೆಗೆ ಬಂದರೆ, "ಅಲ್ಲೇ ನಿಂತ್ಕೊಳ್ಳಿ ಮಹರಾಯರೇ, ಗಿರಾಕಿಗಳ ಬಟ್ಟೆಗೆ ನಿಮ್ಮ ಅತ್ತರು ಹತ್ಕೊಳ್ಳುತ್ತೆ," ಎಂದು ಬಚ್ಚಲಿಗೆ ಅಟ್ಟುತ್ತಿದ್ದಳು. ಅವನು ನಗುತ್ತ ಹೋಗುತ್ತಿದ್ದ. ಅವನು ದೇವರ ಪಾದ ಸೇರಿದ ಮೇಲೆ, ಇದೊಂದು ಕೊನೆಯ ಸೇವೆಯೆಂದುಕೊಂಡು, ಅವನ ಅಂಗಿಗಳನ್ನೆಲ್ಲ ಕುದಿನೀರಲ್ಲಿ ಅದ್ದಿ ಒಗೆದು ಇಸ್ತ್ರಿ ಹಾಕಿ ಪೆಟ್ಟಿಗೆಯಲ್ಲಿಟ್ಟಳು. ಒಂದು ದಿನ ಜೀವ ತಡೆಯದೆ ಪೆಟ್ಟಿಗೆ ತೆರೆದು ಮುಖ ಹುದುಗಿಸಿದರೆ, ಬರೀ ಸಾಬೂನು. ದೇವರು ನೆನಪನ್ನು ಎಲ್ಲೆಲ್ಲೋ ಇಡುತ್ತಾನೆ. ಅವಳ ಪಾಲಿನದನ್ನು ಮೂಗಿನಲ್ಲಿಟ್ಟಿದ್ದ. ಅವಳೇ ಕೈಯಾರೆ ತೊಳೆದುಬಿಟ್ಟಿದ್ದಳು.

ಮಗಳಿಗೆ ಇದೆಲ್ಲ ಗೊತ್ತು. "ಅಣ್ಣಾ, ನಿಜ ಹೇಳ್ಬಿಡಿ," ಎಂದಳು. "ವ್ಯಾಪಾರ ಉಳ್ಕೊಳ್ಳುತ್ತೆ."

ದಲ್ಲಾಳಿ ದನಿ ತಗ್ಗಿಸಿದ. "ನಾಳೆ ಬನ್ನಿ ತಾಯಿ. ಮೂಗಿರೋರು ಯಾರೂ ಇಲ್ಲಿ ನಿಲ್ಲಲ್ಲ. ನಾನೂ ಬೀದೀಲೇ ಇರ್ತೀನಿ."

ಮರುದಿನ ಅವನು ಹೇಳಿದಂತೆಯೇ ಬೀದಿಯಲ್ಲಿ ಉಳಿದ. ಮಗಳು ಕರವಸ್ತ್ರ ಒತ್ತಿಕೊಂಡು ಬಾಗಿಲವರೆಗೆ ಬಂದಳು. ಟೈಲರಮ್ಮ ಕಿಟಕಿಯೆದುರು ನಿಂತಳು. ಮೊದಲು ಸುಣ್ಣದ ಘಾಟು, ಹಿಂದೆಯೇ ಹಸಿ ತೊಗಲು, ಆಮೇಲೆ ನೆನೆಹಾಕಿದ ತೊಗಟೆಯ ಒಗರು. ಅವಳ ಎದೆ ತುಂಬಿ ಬಂತು. ಇನ್ನೂ ಏನೋ ಬರಬೇಕೆಂದು ಬಹಳ ಹೊತ್ತು ಕಾದಳು.

"ಸಿಕ್ತೇನಮ್ಮಾ?"

"ಅಂಗಿ ಬಂದಿದೆ ಕಣೇ. ಅವರು ಬಂದಿಲ್ಲ."

ಟೈಲರಮ್ಮ ಕಣ್ಣೊರೆಸಿಕೊಂಡು ಕೋಣೆಯ ಅಗಲವನ್ನು ಗೇಣಿನಲ್ಲಿ ಅಳೆಯತೊಡಗಿದಳು.

"ಹೊಲಿಗೆ ಮಿಷನ್ನು ಇಲ್ಲೇ ಹಾಕಿಸು."

"ಈ ಗಬ್ಬಲ್ಲಿ ಯಾವ ಗಿರಾಕಿ ಬರ್ತಾರಮ್ಮಾ?"

"ಬರದಿದ್ರೆ ಬೇಡ ಬಿಡು. ಸಂಜೆ ಕೆಲಸದವರೆಲ್ಲ ಬೆವರಿದ ಮೈಯಲ್ಲೇ ಗೇಟು ದಾಟಿ ಹೊರಗೆ ಬರ್ತಾರಲ್ಲ, ಆಗ ನಾನು ಈ ಕಿಟಕಿ ಹತ್ರ ಇರ್ಬೇಕು."