ಕರಿ ಆಕಾಶದ ಕೌದಿ

ಗಂಡಸು ಸೂಜಿ ಹಿಡಿದರೆ ಓಣಿಗೆ ಬೇರೆ ಸುದ್ದಿ ಬೇಕಾಗುವುದಿಲ್ಲ. ಸುರಪುರದ ಸರಕಾರಿ ಕಚೇರಿಯೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದ ಪ್ರವೀಣಕುಮಾರ, ಸಂಜೆ ಬಂದು ಕೈಕಾಲು ತೊಳೆದು ಒಳಕೋಣೆಯ ಮಂದ ಬಲ್ಬಿನ ಕೆಳಗೆ ತುಂಡು ಬಟ್ಟೆಗಳ ಕೌದಿ ಹೊಲಿಯುತ್ತ ಕೂರತೊಡಗಿದಾಗ, ಕಿಟಕಿಯಲ್ಲಿ ಇಣುಕಿದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಆ ಮನೆಯಲ್ಲಿ ಏನಾಗಿದೆ ಎಂದು ತಿಳಿದ ಮೇಲೆ ನಗುವುದನ್ನು ಬಿಟ್ಟರು. ಇಣುಕುವುದನ್ನು ಮಾತ್ರ ಬಿಡಲಿಲ್ಲ.

ಅವನಿಗೆ ಇಂಥ ಹುಚ್ಚು ಹೊಸದೇನಲ್ಲ. ಕೆಟ್ಟುಹೋದ ಟಿವಿಯ ಡಬ್ಬಿಯೊಳಗೆ ಹಳೇ ಕಂಪ್ಯೂಟರಿನ ಕರುಳು ತುಂಬಿ ವಿಡಿಯೋ ಗೇಮಿನ ಪೆಟ್ಟಿಗೆ ಮಾಡಿದ್ದ. ಪ್ಲಾಸ್ಟಿಕ್ ಪೈಪಿನಲ್ಲಿ ಎಲ್‌ಇಡಿ ಪಟ್ಟಿ ತುರುಕಿ ಹೊಳೆಯುವ ಕತ್ತಿ ಮಾಡಿದ್ದ. ಕರೆಂಟು ಹೋದರೆ ಮನೆಯವರು ಅದನ್ನೇ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ಒಮ್ಮೆ ರಟ್ಟಿನಿಂದ ಗಗನಯಾತ್ರಿಯ ಹೆಲ್ಮೆಟ್ ಮಾಡಿ, ಬೆಳ್ಳಿ ಬಣ್ಣ ಬಳಿದು, ಅದನ್ನು ಹಾಕಿಕೊಂಡೇ ಹಾಲಿನವನಿಗೆ ಬಾಗಿಲು ತೆಗೆದ. ಹಾಲಿನವನು ಮರುದಿನದಿಂದ ಕಟ್ಟೆಯ ಮೇಲೆ ಹಾಲಿಟ್ಟು ದೂರದಿಂದಲೇ ಕೂಗಿ ಹೋಗತೊಡಗಿದ. “ಕೆಲಸಿಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ನಂತ,” ಎಂದು ತಾಯಿ ಅಯ್ಯಮ್ಮ ಗೊಣಗುತ್ತಿದ್ದಳು.

ಹೆಂಡತಿ ಪರಿಮಳಾ ಮಾತ್ರ ಎಂದೂ ಬೈಯಲಿಲ್ಲ. ಅವಳು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬಣ್ಣ, ಅಂಟು, ಕತ್ತರಿ ಅವಳಿಗೂ ಇಷ್ಟ. ಬಸುರಿಯಾದಾಗ ಕೌದಿಯ ಯೋಚನೆ ಹುಟ್ಟಿದ್ದೂ ಅವಳ ತಲೆಯಲ್ಲೇ.

“ನಿಮ್ಮ ಹಳೇ ಗೇಮಿನ್ಯಾಗ ಮನಷ್ಯಾ ಅಂದ್ರ ಬರೇ ಚೌಕ ಚೌಕ,” ಎಂದಳು. “ನಮ್ಮ ಕೌದಿನೂ ಚೌಕ ಚೌಕ. ನಿಮ್ಮ ಮನಷ್ಯಾನ್ನ ಕೌದಿಯೊಳಗ ಹೊಲದ್ರ ಆತಲ್ರಿ?”

ಪ್ರವೀಣ ಕುಣಿದಾಡಿದ. ಗ್ರಾಫ್ ಹಾಳೆಯಲ್ಲಿ ತನ್ನದೇ ಒಬ್ಬ ಪುಟ್ಟ ಗಗನಯಾತ್ರಿಯನ್ನು ಬರೆದ. ಬಿಳಿ ಉಡುಪು, ಮುಖದ ಮೇಲೆ ಕಿತ್ತಳೆ ಗಾಜು, ಮೇಲೆತ್ತಿದ ಒಂದು ಕೈ. ಸುತ್ತ ಕಪ್ಪು, ಏಕೆಂದರೆ ಅವನು ನಿಂತಿರುವುದು ಆಕಾಶದಲ್ಲಿ. ಬಜಾರಿನ ದರ್ಜಿ ಖಾಜಾಮಿಯಾ ಬುರ್ಖಾ ಹೊಲಿಯುತ್ತಿದ್ದ. ಅವನ ಅಂಗಡಿಯಲ್ಲಿ ಕರಿ ತುಂಡು ಬಟ್ಟೆಗೇನು ಬರವೇ? ಪ್ರವೀಣ ಚೌಕ ಕತ್ತರಿಸಿ ಕೊಟ್ಟ, ಪರಿಮಳಾ ಹೊಲಿಯತೊಡಗಿದಳು.

ಆ ಕಪ್ಪನ್ನು ನೋಡಿ ಅಯ್ಯಮ್ಮ ಹೌಹಾರಿದಳು. “ಕೂಸಿನ ಕೌದಿಗೆ ಯಾರರೆ ಕರೇದು ಹಚ್ತಾರೇನೋ? ಹಳದಿ ಹಚ್ಚು, ಹಸರು ಹಚ್ಚು. ಕರೇದು ಬ್ಯಾಡ.”

ಪ್ರವೀಣ ನಕ್ಕು ಗೋಡೆಯ ಕಡೆ ಕೈ ಮಾಡಿದ. ಅಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ ಇದ್ದವು. “ಅಪ್ಪ ಈ ಫೋಟೋ ಹಚ್ಚಿದ ದಿನಾನ ಶಕುನಾ ಗಿಕುನಾ ಎಲ್ಲಾ ಹೊರಗ ಹಾಕ್ಯಾನವ್ವಾ. ನೀ ಮತ್ತ ಹಿತ್ತಲ ಬಾಗಲದಿಂದ ಒಳಗ ಕರೀಬ್ಯಾಡ.”

ತೀರಿಹೋದ ಗಂಡನ ಹೆಸರೆತ್ತಿದ ಮೇಲೆ ಅಯ್ಯಮ್ಮ ಮತ್ತೆ ಮಾತಾಡಲಿಲ್ಲ. ಅವಳು ಒಪ್ಪಿದಳೆಂದು ಪ್ರವೀಣ ತಿಳಿದ. ಇಂಥ ತಿಳಿವಳಿಕೆಯ ಗಂಡಸರು ಎಲ್ಲ ಊರಲ್ಲೂ ಇದ್ದಾರೆ.

ಪರಿಮಳಾ ಆ ಪುಟ್ಟ ಕೌದಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹೆರಿಗೆಗೆಂದು ತವರೂರು ದೇವಾಪುರಕ್ಕೆ ಹೋದಳು. ಎಂಟು ತಿಂಗಳು ತುಂಬುವ ಹೊತ್ತಿಗೆ ಹೊಟ್ಟೆಯೊಳಗಿನ ಕೂಸು ಅಲುಗಾಡುವುದನ್ನು ನಿಲ್ಲಿಸಿತು. ಹೆಣ್ಣು ಕೂಸು. ಸುದ್ದಿ ಬಂದೊಡನೆ ಪ್ರವೀಣ ಹೋದ. ದೇವಾಪುರದ ಹೊರಗೆ ಮಣ್ಣು ಮಾಡಿದರು. ಮಾಡಬೇಕಾದ್ದನ್ನೆಲ್ಲ ಮಾಡಿ ಅವನು ಮರುದಿನವೇ ಕಚೇರಿಗೆ ಹಾಜರಾದ. ವಾರದ ಮೇಲೆ ಪರಿಮಳಾಳ ಅಣ್ಣ ಬಂದು ಕೂಸಿಗೆಂದು ಕೂಡಿಟ್ಟ ಸಾಮಾನಿನ ಚೀಲ ಕೊಟ್ಟುಹೋದ. ಎಲ್ಲಕ್ಕಿಂತ ಮೇಲೆ ಕೌದಿ ಇತ್ತು. ಅದನ್ನು ಕಂಡ ಅಯ್ಯಮ್ಮ ಒಲೆಯ ಕಡೆ ಮುಖ ಮಾಡಿ ಒಂದೇ ಒಂದು ಸಲ ಅಂದಳು: “ಬ್ಯಾಡ ಅಂದಿದ್ದೆ. ಕರೇದು ಹಚ್ಚಬ್ಯಾಡ ಅಂದಿದ್ದೆ.”

ಅವನಿಗೆ ದುಃಖವಾಗಲಿಲ್ಲ. ಇದನ್ನು ಬಣ್ಣ ಹಚ್ಚಿ ಹೇಳಿ ಪ್ರಯೋಜನವಿಲ್ಲ. ಆಗಲಿಲ್ಲ ಅಂದರೆ ಆಗಲಿಲ್ಲ. ಚಹಾ ಬಿಸಿಯಿದೆಯೋ ತಣ್ಣಗಿದೆಯೋ ತಿಳಿಯುತ್ತಿರಲಿಲ್ಲ. ಪಲ್ಯಕ್ಕೆ ಉಪ್ಪು ಮರೆತರೂ ಉಂಡು ಏಳುತ್ತಿದ್ದ. ಕಚೇರಿಯಲ್ಲಿ ಪಿಂಚಣಿದಾರರ ಹೆಸರುಗಳನ್ನು ಒಂದೂ ತಪ್ಪಿಲ್ಲದೆ ಟೈಪು ಮಾಡುತ್ತಿದ್ದ. ಯಾರಾದರೂ ಕೇಳಿದರೆ “ಆರಾಮ ಅದೀನ್ರಿ” ಅನ್ನುತ್ತಿದ್ದ. ಒಳಗೆ ಒಂದೇ ಮಾತು ಕೂತಿತ್ತು: ನಾನೇ ಮಾಡಿದೆ. ಬಟ್ಟೆಯ ಬಣ್ಣಕ್ಕೆ ಕೂಸು ಸಾಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಆ ಮಾತು ಎದ್ದು ಹೋಗಲಿಲ್ಲ. ನಂಬುವವನಾಗಿದ್ದರೆ ಒಂದು ನಿಂಬೆಹಣ್ಣು ಕೊಯ್ದು, ಒಂದು ಕಾಯಿ ಒಡೆದು ಕೈ ತೊಳೆದುಕೊಳ್ಳುತ್ತಿದ್ದ. ನಂಬದವನಿಗೆ ಆ ಪರಿಹಾರವೂ ಇಲ್ಲ.

ಆಗಲೇ ಅವನು ಸೂಜಿ ಹಿಡಿದದ್ದು. ಆ ಪುಟ್ಟ ಕೌದಿಯ ಸುತ್ತ ಕರಿ ಚೌಕಗಳನ್ನು ಹಚ್ಚತೊಡಗಿದ. ಒಂದು ಸುತ್ತು ಮುಗಿದರೆ ಮತ್ತೊಂದು ಸುತ್ತು. ನೋಯುವ ಹಲ್ಲಿಗೆ ನಾಲಿಗೆ ಹೋಗುತ್ತದಲ್ಲ, ಹಾಗೆ ಕೈ ಹೋಗುತ್ತಿತ್ತು. ಕೈ ಹೊಲಿಯುತ್ತಿತ್ತು, ಕಣ್ಣು ಏನನ್ನೂ ನೋಡುತ್ತಿರಲಿಲ್ಲ.

“ಇಷ್ಟು ಕರೇದು ಯಾಕ ಬೇಟಾ?” ಎಂದು ಖಾಜಾಮಿಯಾ ಒಮ್ಮೆ ಕೇಳಿದ.

“ಆಕಾಶ ದೊಡ್ಡದೈತಿ ಚಾಚಾ.”

ಖಾಜಾಮಿಯಾ ಅವನ ಮುಖ ನೋಡಿ, ಮತ್ತೊಂದು ಗಂಟು ಬಟ್ಟೆ ಕಟ್ಟಿಕೊಟ್ಟ.

ತವರಿನಲ್ಲಿರುವ ಹೆಂಡತಿಯನ್ನು ಗಂಡ ಹೋಗಿ ಕರೆದುಕೊಂಡು ಬರಬೇಕು. ಪ್ರವೀಣ ಹೋಗಲಿಲ್ಲ. ಪ್ರತಿ ಭಾನುವಾರ ಅಂಗಿ ಹಾಕಿಕೊಳ್ಳುತ್ತಿದ್ದ, ಮತ್ತೆ ಬಿಚ್ಚಿಡುತ್ತಿದ್ದ. ಯಾವ ಮುಖ ಹೊತ್ತು ಹೋಗುವುದು? ಕೊನೆಗೆ ಅವಳಿಂದಲೇ ಮೆಸೇಜು ಬಂತು. ‘ಭಾನುವಾರ ಮುಂಜಾನೆ ಬರ್ತೀನಿ. ನನ್ನ ಮಾರ್ಕ್ಸ್ ಕಾರ್ಡು, ಸೀರಿ ಎಲ್ಲಾ ತಗದ ಇಡ್ರಿ.’ ಮಾರ್ಕ್ಸ್ ಕಾರ್ಡನ್ನೂ ಸೀರೆಯನ್ನೂ ಒಟ್ಟಿಗೆ ಕೇಳುವ ಹೆಂಡತಿ ಇರಲು ಬರುತ್ತಿಲ್ಲ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಅವಳು ಹೋದರೆ ಮತ್ತೆ ಬರುವುದಿಲ್ಲ. ಅದನ್ನು ತಿಳಿದೂ ಅವನಿಗೆ ಏನೂ ಅನ್ನಿಸಲಿಲ್ಲ. ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟ.

“ಆ ಕೌದಿ ಎಲ್ಲರೆ ಬಚ್ಚಿಡೋ ಪ್ರವೀಣಾ,” ಎಂದಳು ಅಯ್ಯಮ್ಮ ಭಾನುವಾರ. “ಅಕಿ ಕಣ್ಣಿಗೆ ಬೀಳಬಾರ್ದು.”

ಇಬ್ಬರು ಹೊದ್ದು ಮಲಗುವಷ್ಟು ದೊಡ್ಡದಾಗಿದ್ದ ಕೌದಿ ಟ್ರಂಕಿನಲ್ಲಿ ಹಿಡಿಸಲಿಲ್ಲ, ಮಂಚದ ಕೆಳಗೂ ಹೋಗಲಿಲ್ಲ. ಕಟ್ಟಿಗೆ ಕೋಣೆಗೆ ಹಾಕೋಣವೆಂದು ಎರಡೂ ಕೈಯಲ್ಲಿ ತಬ್ಬಿಕೊಂಡು ಅಂಗಳಕ್ಕೆ ಬಂದ. ಪರಿಮಳಾ ಗೇಟು ತೆಗೆದು ಒಳಗೆ ಬರುತ್ತಿದ್ದಳು. ಸೊರಗಿದ್ದಳು.

“ಬಿಚ್ರಿ ಅದನ್ನ,” ಎಂದಳು.

ಅವನು ಬಟ್ಟೆ ಒಣಗಿಸುವ ತಂತಿಯ ಮೇಲೆ ಹರವಿದ. ಅವಳು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

“ಎಷ್ಟ ದೊಡ್ಡದ ಮಾಡೀರಿ. ಯಾಕ?”

“ಗೊತ್ತಿಲ್ಲ.” ಆಮೇಲೆ, ಕಚೇರಿಯಲ್ಲಿ ಹೆಸರು ಓದಿ ಹೇಳುವ ದನಿಯಲ್ಲೇ ಅಂದ: “ನಾನ ಮಾಡಿದೆ ಪರಿಮಳಾ. ಅವ್ವ ಕರೇದು ಬ್ಯಾಡ ಅಂದಿದ್ಲು. ನಾ ನಕ್ಕೆ.”

“ಇದಕ್ಕ ಬರಲಿಲ್ಲೇನ್ರಿ ನನ್ನ ಕರಿಯಾಕ?”

ಅವನು ಹೌದೆಂದು ತಲೆಯಾಡಿಸಿದ.

“ನಾ ಏನ ತಿಳಕೊಂಡಿದ್ದೆ ಗೊತ್ತೇನು? ನಿಮಗ ಏನೂ ಆಗೇ ಇಲ್ಲ ಅಂತ. ಮರುದಿನಾನ ಆಫೀಸಿಗೆ ಹ್ವಾದ್ರಿ.” ಅವಳು ತಂತಿಯ ಹತ್ತಿರ ಹೋಗಿ ಕೌದಿಯ ಮೇಲೆ ಬೆರಳಿಟ್ಟಳು. “ಇಲ್ಲಿ ನೋಡ್ರಿ. ಬಿಸಲಿಗೆ ಚೆಂದಗೆ ನೋಡ್ರಿ.”

ಅವನು ನೋಡಿದ. ಹೊರಗಿನ ಸುತ್ತೆಲ್ಲ ಅಪ್ಪಟ ಕಪ್ಪು. ಗಗನಯಾತ್ರಿಯ ಸುತ್ತ ಮಾತ್ರ ಕಪ್ಪಲ್ಲ, ಕಡುನೀಲಿ. ಎರಡೂ ಸೇರುವಲ್ಲಿ ಗೆರೆ ಎಳೆದಷ್ಟು ಸ್ಪಷ್ಟವಾಗಿ ಒಂದು ಅಂಚು ಕಾಣುತ್ತಿತ್ತು. ಅಂಚಿನೊಳಗೆ ಒಂದು ಕೂಸನ್ನು ಮಲಗಿಸುವಷ್ಟು ಜಾಗ.

“ಹೈಸ್ಕೂಲ್ ಹುಡಿಗೇರ ಲಂಗದ ಅರಿವಿ,” ಎಂದಳು ಪರಿಮಳಾ. “ಅತ್ತಿ ಕರೇದು ಬ್ಯಾಡ ಅಂದ ಮ್ಯಾಲ ನನಗ ಅಂಜಿಕಿ ಆತು. ಹೇಳಿದ್ರ ನೀವು ನಗ್ತೀರಿ ಅಂತ ಹೇಳಲಿಲ್ಲ. ದೇವಾಪುರದಾಗ ಕುಂತು ಒಂದೊಂದ ಹೊಲಿಗಿ ಬಿಚ್ಚಿ, ಕರೇದು ತಗದು, ಇದನ್ನ ಹಚ್ಚಿದೆ. ಒಂದೂ ಬಿಡಲಿಲ್ಲ.” ಅವಳ ದನಿ ಸಣ್ಣದಾಯಿತು. “ಎಲ್ಲಾ ತಗದಿದ್ದೆ. ಆದ್ರೂ ಹೋತು.”

ಬಾಗಿಲಲ್ಲಿ ನಿಂತಿದ್ದ ಅಯ್ಯಮ್ಮ ಅಲ್ಲೇ ಹೊಸ್ತಿಲ ಬಳಿ ಕುಸಿದು ಕೂತಳು.

ಪ್ರವೀಣನಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಒಬ್ಬ ಅಪರಾಧಿ ಇದ್ದ. ತಪ್ಪು ಹೊತ್ತವನಿಗೆ ಹೊರುವುದೊಂದು ಕೆಲಸ, ಆ ಕೆಲಸದಲ್ಲೇ ದಿನ ತಳ್ಳಿದ್ದ. ಈಗ ಯಾರೂ ಏನೂ ಮಾಡಿರಲಿಲ್ಲ. ಮಗಳು ಇದ್ದಳು, ಈಗ ಇಲ್ಲ, ಅಷ್ಟೇ. ಆ ಅಷ್ಟನ್ನು ಅವನು ಇದೇ ಮೊದಲ ಸಲ ಕೇಳಿದಂತಾಯಿತು. ಅಂಗಳದ ಮಣ್ಣಿನಲ್ಲಿ ಕೂತು, ಓಣಿಗೆಲ್ಲ ಕೇಳುವಂತೆ, ನಾಚಿಕೆಯಿಲ್ಲದೆ ಅತ್ತ.

ಅಳು ತುಸು ತಗ್ಗಿದಾಗ ಅವನು ಕೇಳಿದ:

“ಹೆಂಗಿದ್ಲು?”

ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಗುಂಡಿಯವರೆಗೆ ಎತ್ತಿಕೊಂಡು ಹೋದವನು ಅವನೇ. ಬಟ್ಟೆ ಸರಿಸಿ ಮುಖ ನೋಡಿರಲಿಲ್ಲ. ನೋಡಿದವರನ್ನು ಇವತ್ತಿನವರೆಗೂ ಕೇಳಿರಲಿಲ್ಲ.

ಪರಿಮಳಾ ಹೆಗಲ ಬ್ಯಾಗು ಇಳಿಸಿ, ಚಪ್ಪಲಿ ಬಿಟ್ಟು, ಅವನ ಪಕ್ಕದಲ್ಲೇ ಮಣ್ಣಿನಲ್ಲಿ ಕೂತಳು.

“ತಲಿ ತುಂಬ ಕೂದಲಾ ಇದ್ವು,” ಎಂದಳು. “ಕಿವಿ ನಿಮ್ಮವ.”