ಸೂತ್ರಕ್ಕೆ ಬಗ್ಗದ ಮಲ್ಲಿಗೆ

ಕುಮಟೆಯ ಕಮಲಾಕರ ಮಾಸ್ತರರಿಗೆ ಜಗತ್ತೆಲ್ಲ ಒಂದೇ ಸೂತ್ರದಲ್ಲಿ ಅಡಗಿತ್ತು. ಎರಡು ದೇಶಗಳ ಸಂಪತ್ತು ಹೆಚ್ಚಿದಷ್ಟೂ ಅವುಗಳ ನಡುವಿನ ವ್ಯಾಪಾರ ಹೆಚ್ಚು, ದೂರ ಹೆಚ್ಚಿದಷ್ಟೂ ಕಡಿಮೆ. ಭೂಮಿ ಚಂದ್ರನನ್ನು ಸೆಳೆಯುವ ಹಾಗೆ ದೇಶ ದೇಶವನ್ನು ಸೆಳೆಯುತ್ತದೆ, ಅದಕ್ಕೇ ಅದರ ಹೆಸರು ಗುರುತ್ವ ಮಾದರಿ. ಭಟ್ಕಳದ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಅರ್ಥಶಾಸ್ತ್ರ ಕಲಿಸುತ್ತಲೇ, ಕಳೆದ ಏಳು ವರ್ಷದಲ್ಲಿ ಈ ಮಾದರಿ ಹಿಡಿದು ಭಾರತದ ವಿದೇಶ ವ್ಯಾಪಾರದ ಮೇಲೆ ನಾನೂರು ಪುಟದ ಪಿಎಚ್.ಡಿ. ಪ್ರಬಂಧ ಬರೆದಿದ್ದರು. ಸೂತ್ರಕ್ಕೆ ಬಗ್ಗದ ದೇಶಗಳೂ ಇದ್ದವು. ದುಬೈ ಇರುವ ಎಮಿರೇಟ್ಸ್ ಅಂತೂ ಸೂತ್ರ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ವ್ಯಾಪಾರ ಮಾಡಿ ಮಾಸ್ತರರ ಮಾನ ಕಳೆಯುತ್ತಿತ್ತು. ಅದಕ್ಕೆ ‘ಅಪವಾದ’ ಎಂದು ಹೆಸರಿಟ್ಟು ಪಟ್ಟಿಯಿಂದಲೇ ಹೊರಗೆ ಹಾಕಿದರು. ಸೂತ್ರ ತಪ್ಪುವುದುಂಟೇ? ತಪ್ಪಿದ್ದು ದೇಶವೇ ಇರಬೇಕು.

ಮಗಳು ಸ್ಮೃತಿಯ ನಿಶ್ಚಿತಾರ್ಥದ ಕಾರ್ಡಿನಲ್ಲಿ ಅಪ್ಪನ ಹೆಸರಿನ ಮುಂದೆ ‘ಡಾ.’ ಅಚ್ಚಾಗಿಯೂ ಬಂತು.

“ಪದವಿ ಇನ್ನೂ ಬಂಜಿಲ್ಲೆ, ಕಾರ್ಡಲ್ಲಿ ಹಾಕ್ಸೂ ಆತು!” ಎಂದಳು ಹೆಂಡತಿ ವನಮಾಲಾ.

“ಮೌಖಿಕ ಪರೀಕ್ಷೆ ಹೇಳಿರೆ ಚಾ ಕುಡಿದು ಬಪ್ಪ ಕೆಲಸ,” ಎಂದರು ಮಾಸ್ತರರು.

ಅಷ್ಟರಲ್ಲಿ ವಿಶ್ವವಿದ್ಯಾಲಯದಿಂದ ಒಂದು ಕಿರಿಕಿರಿ ಬಂತು: ಸರಕು ಹೊರದೇಶಕ್ಕೆ ಕಳಿಸುವ ಒಬ್ಬರನ್ನಾದರೂ ಕಂಡು ಮಾತಾಡಿಸಿ, ಅದನ್ನು ಪ್ರಬಂಧದ ಕೊನೆಗೆ ಸೇರಿಸಬೇಕು. ಯಾರೋ ಶಿರಾಲಿಯ ಗಣಪಿಯ ಹೆಸರು ಹೇಳಿದರು. ಅವಳ ಮನೆ, ಮಾಸ್ತರರ ಬಸ್ಸು ದಿನಾ ಕುಮಟೆಯಿಂದ ಭಟ್ಕಳಕ್ಕೆ ಹೋಗುವ ಹೆದ್ದಾರಿಗೆ ತಾಗಿಕೊಂಡೇ ಇತ್ತು. ಮಾಸ್ತರರು ಹೋದಾಗ ಅವಳು ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದಳು. ಇವರ ಪ್ರಶ್ನೆಗಳಿಗಾಗಿ ಅವಳ ಕೈ ನಿಲ್ಲಲಿಲ್ಲ.

“ಇದೆಲ್ಲ ಎಲ್ಲಿಗೆ ಹೋಗುತ್ತದೆ?”

“ಮಂಗ್ಳೂರಿಂದ ವಿಮಾನದಲ್ಲಿ ದುಬೈಗೆ. ಭಟ್ಕಳದವ್ರು ಅಲ್ಲಿ ಮದ್ವಿ ಮಾಡಿದ್ರೂ ಹೂವು ಮಾತ್ರ ನಮ್ದೇ ಆಗ್ಬೇಕು.”

“ಕುಮಟೆಗೆ ಯಾಕೆ ಕಳಿಸುವುದಿಲ್ಲ? ಇಲ್ಲೇ ಇದೆಯಲ್ಲ.”

ಗಣಪಿ ನಕ್ಕಳು. “ಎಂತ ಮಾಸ್ತರೇ, ಕುಮ್ಟೆ ದೂರ. ದುಬೈ ಹತ್ರ.”

ಮಾಸ್ತರರಿಗೆ ಅಯ್ಯೋ ಪಾಪ ಎನಿಸಿತು. ‘ಸದರಿ ಮಹಿಳೆಗೆ ಭೂಗೋಳದ ಪ್ರಾಥಮಿಕ ಜ್ಞಾನವೂ ಇಲ್ಲ’ ಎಂದು ಬರೆದುಕೊಂಡರು. “ಮನಿಗೆ ಒಂದು ಮೊಳ ತಕಂಡು ಹೋಗಿ,” ಎಂದು ಅವಳು ಕರೆದಾಗ ಅವರು ಆಗಲೇ ಬಸ್ಸಿಗೆ ಕೈ ಮಾಡುತ್ತಿದ್ದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಪ್ರಿಯಂವದಾ ಎಂಬ ಪ್ರಾಧ್ಯಾಪಕಿ. ಮಾಸ್ತರರು ಏಳು ವರ್ಷ ಬೆವರು ಸುರಿಸಿದ ಕೋಷ್ಟಕಗಳನ್ನೆಲ್ಲ ಆಕೆ ಮಗುಚಿ ಹಾಕಿ, ನೇರ ಕೊನೆಯ ಪುಟಕ್ಕೆ ಬಂದು ಗಣಪಿಯ ಮಾತನ್ನು ಗಟ್ಟಿಯಾಗಿ ಓದಿದರು.

“ಇಡೀ ಪ್ರಬಂಧದಲ್ಲಿ ಹೊಸದು ಅಂತ ಇರುವುದು ಇದೊಂದೇ. ಇದನ್ನೇ ಅಜ್ಞಾನ ಅಂದುಬಿಟ್ಟಿದ್ದೀರಲ್ಲ! ಆ ಮನೆ ನಿಮ್ಮ ಕಾಲೇಜಿನ ದಾರಿಯಲ್ಲೇ ಅಂತ ನೀವೇ ಬರೆದಿದ್ದೀರಿ. ಅದರ ಎದುರು ಓಡಾಡುವುದು ಎಷ್ಟು ವರ್ಷದಿಂದ?”

“ಹನ್ನೆರಡು, ಮೇಡಂ. ದಿನಾ ಎರಡು ಸಲ.”

“ಇಷ್ಟು ವರ್ಷದಲ್ಲಿ ಅವರ ಹತ್ತಿರ ಎಷ್ಟು ಮೊಳ ಹೂ ತಗೊಂಡಿದ್ದೀರಿ?”

“ಇಲ್ಲ, ಮೇಡಂ. ಒಂದೂ ಇಲ್ಲ.”

“ಇಷ್ಟು ಹತ್ತಿರ ಇದ್ದೂ ಒಂದು ಮೊಳದ ವ್ಯಾಪಾರ ಇಲ್ಲ. ಸೂತ್ರಕ್ಕೆ ಬಗ್ಗದವರಲ್ಲಿ ನೀವೂ ಒಬ್ಬರಾದಿರಿ. ಎಮಿರೇಟ್ಸ್ ಜೊತೆ ನಿಮ್ಮನ್ನೂ ಪಟ್ಟಿಯಿಂದ ತೆಗೆಯೋಣವೇ?”

ಹಿಂದೆ ಕೂತ ಸಹೋದ್ಯೋಗಿಗಳು ಕಿಸಕ್ಕನೆ ನಕ್ಕರು. ಅಭಿನಂದನೆಗೆ ಹಾರ ತಂದವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಮಾಸ್ತರರಿಗೆ ನೆಲ ಬಾಯಿಬಿಡಬಾರದೇ ಎನಿಸುವಷ್ಟು ನಾಚಿಕೆಯಾಯಿತು.

“ಆಕೆಗೆ ದುಬೈ ಹೇಗೆ ಹತ್ತಿರವಾಯಿತು ಅಂತ ಕೇಳಿ ಬರೆದು ತನ್ನಿ,” ಎಂದು ಪ್ರಿಯಂವದಾ ಪ್ರಬಂಧ ಮುಚ್ಚಿದರು. “ಒಂದು ವರ್ಷ ಸಾಕಲ್ಲ? ಪದವಿಯ ಮಾತು ಆಮೇಲೆ.”

ನಿಶ್ಚಿತಾರ್ಥಕ್ಕೆ ಹನ್ನೊಂದು ದಿನ ಉಳಿದಿತ್ತು. ‘ಡಾಕ್ಟರ್ ಬೀಗರಿಗೆ ಅಭಿನಂದನೆ’ ಎಂದು ಗಂಡಿನ ಮನೆಯವರ ಸಂದೇಶ ಬೆಳಿಗ್ಗೆಯೇ ಬಂದು ಮೊಬೈಲಿನಲ್ಲಿ ಕೂತಿತ್ತು.